ಖಾಲಿ ಲಾರಿಯ ಬಾಡಿಗೆ ಕಟ್ಟುವವರು ಯಾರು?

ಸರಕು ವಾಹನಗಳ ನಿರ್ವಹಣೆಗೆ ಬಂದಿರುವ ಕೃತಕ ಬುದ್ಧಿಮತ್ತೆ: ಅದರಿಂದ ಬೆಳೆಗಾರನಿಗೆ ಏನು ಸಿಕ್ಕೀತು?

ಗುಂಡ್ಲುಪೇಟೆ ಸುತ್ತಿನ ತರಕಾರಿ ಬೆಳೆಗಾರರಿಗೆ ರಾತ್ರಿ ಒಂಬತ್ತು ಗಂಟೆಯ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿಂದ ಸುಲ್ತಾನ್ ಬತ್ತೇರಿಯ ಮೂಲಕ ಕೇರಳಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರದ ಕಾಡನ್ನು ಹಾದುಹೋಗುತ್ತದೆ. ವನ್ಯಪ್ರಾಣಿಗಳ ರಕ್ಷಣೆಗಾಗಿ ಈ ರಸ್ತೆಯಲ್ಲಿ 2009ರಲ್ಲಿ ರಾತ್ರಿ ಸಂಚಾರಕ್ಕೆ ನಿಷೇಧ ಬಂತು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸರಕಿನ ಲಾರಿಗೆ ಅಲ್ಲಿ ದಾರಿಯಿಲ್ಲ. ಐದು ನಿಮಿಷ ಮೊದಲು ಚೆಕ್‌ಪೋಸ್ಟ್ ದಾಟಿದ ಲಾರಿ ಮರುದಿನದ ಮಾರುಕಟ್ಟೆ ಹಿಡಿಯುತ್ತದೆ. ಐದು ನಿಮಿಷ ತಡವಾದ ಲಾರಿ ಒಂಬತ್ತು ಗಂಟೆ ಕಾಲ ಗೇಟಿನ ಮುಂದೆ ನಿಲ್ಲುತ್ತದೆ. ಒಳಗಿರುವ ಬೀನ್ಸ್ ಬಾಡುತ್ತದೆ, ಟೊಮೆಟೊ ಬೆವರುತ್ತದೆ.

ರೈತ ಬಾಂಧವರೆ, ಆ ಐದು ನಿಮಿಷ ಎಲ್ಲಿ ಹೋಯಿತೆಂದು ಎಂದಾದರೂ ಲೆಕ್ಕ ಹಾಕಿದ್ದೀರಾ? ಲಾರಿ ಹಿಂದಿನ ಊರಿನಿಂದಲೇ ತಡವಾಗಿ ಬಂತು. ಅದು ಬರುವುದು ಇಷ್ಟು ಹೊತ್ತಿಗೆ ಎಂದು ಗೊತ್ತಿಲ್ಲದೆ ಹಮಾಲರು ಕಾಫಿ ಕುಡಿಯಲು ಹೋಗಿದ್ದರು. ಎರಡನೆಯ ತೋಟದಲ್ಲಿ ಕೊಯ್ಲು ಇನ್ನೂ ಮುಗಿದಿರಲಿಲ್ಲ. ಯಾರನ್ನು ಕೇಳಿದರೂ ತಪ್ಪು ಇನ್ನೊಬ್ಬರದು. ಆದರೆ ಮಾಲು ಬಾಡಿದ ನಷ್ಟ ಮಾತ್ರ ಕೊನೆಗೆ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆಯೇ ಬರುತ್ತದೆ.

ಹತ್ತಾರು, ನೂರಾರು ಲಾರಿಗಳನ್ನು ಓಡಿಸುವ ದೊಡ್ಡ ಕಂಪನಿಗಳು ಇಂಥ ಐದು ನಿಮಿಷಗಳನ್ನು ಹುಡುಕಿ ಹಿಡಿಯಲು ಈಗ ಕಂಪ್ಯೂಟರಿನ ಕೃತಕ ಬುದ್ಧಿಮತ್ತೆಯನ್ನು ಬಳಸುತ್ತಿವೆ. ಇದು ಪಟ್ಟಣದವರ ವಿಷಯ, ನಮಗೇಕೆ ಎಂದು ಪುಟ ತಿರುಗಿಸಬೇಡಿ. ನಿಮ್ಮ ಮಾಲು ಹೊರುವ ಲಾರಿ, ನಿಮ್ಮೂರಿನ ಹಾಲು ಒಯ್ಯುವ ಗಾಡಿ, ಕಬ್ಬು ತುಂಬಿಕೊಂಡು ಕಾರ್ಖಾನೆಯ ಮುಂದೆ ಸಾಲುಗಟ್ಟಿ ನಿಂತ ಟ್ರ್ಯಾಕ್ಟರು, ಎಲ್ಲಕ್ಕೂ ಇದು ಸಂಬಂಧಿಸಿದ್ದು.

ಏನಿದು ಯಂತ್ರದ ಬುದ್ಧಿ?

ಹಳೆಯ ಮಂಡಿಗಳಲ್ಲಿ ಒಬ್ಬ ಅನುಭವಿ ಮೇಸ್ತ್ರಿ ಇರುತ್ತಾನೆ. ಯಾವ ವಾರ ಯಾವ ಊರಿನ ಸಂತೆ, ಯಾವ ಸೇತುವೆಯ ಮೇಲೆ ಸಂಜೆ ವಾಹನ ಕಟ್ಟಿಕೊಳ್ಳುತ್ತದೆ, ಯಾವ ಚಾಲಕ ಊಟಕ್ಕೆ ಎಲ್ಲಿ ನಿಲ್ಲಿಸುತ್ತಾನೆ, ಎಲ್ಲವೂ ಅವನ ತಲೆಯಲ್ಲಿರುತ್ತದೆ. "ಈಗ ಹೊರಟರೆ ನಾಲ್ಕಕ್ಕೆ ಸೇರುತ್ತದೆ" ಎಂದು ಅವನು ಹೇಳಿದರೆ ಹೆಚ್ಚುಕಡಿಮೆ ನಾಲ್ಕಕ್ಕೇ ಸೇರುತ್ತದೆ. ಅದು ಮೂವತ್ತು ವರ್ಷ ಕಂಡ ಅನುಭವ.

ಯಂತ್ರ ಮಾಡುವುದೂ ಬಹುಮಟ್ಟಿಗೆ ಇದನ್ನೇ. ಪ್ರತಿ ಲಾರಿಯಲ್ಲೂ ಒಂದು ಚಿಕ್ಕ ಪೆಟ್ಟಿಗೆ ಇರುತ್ತದೆ. ಆಕಾಶದಲ್ಲಿ ಸುತ್ತುವ ಉಪಗ್ರಹಗಳ ಸಂಕೇತವನ್ನು ಹಿಡಿದು ಲಾರಿ ಈ ಗಳಿಗೆಯಲ್ಲಿ ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂಬುದನ್ನು ಅದು ಮೊಬೈಲ್ ಜಾಲದ ಮೂಲಕ ಕಚೇರಿಗೆ ಕಳುಹಿಸುತ್ತಲೇ ಇರುತ್ತದೆ. ಅಮೆರಿಕದ ಜಿಪಿಎಸ್ ಹೆಸರು ನೀವು ಕೇಳಿದ್ದೀರಿ. ನಮ್ಮ ಇಸ್ರೋ ಸಂಸ್ಥೆಯೂ 2013ರಿಂದ ನಾವಿಕ್ ಎಂಬ ವ್ಯವಸ್ಥೆಯ ಉಪಗ್ರಹಗಳನ್ನು ಹಾರಿಸುತ್ತ ಬಂದಿದೆ. ಹೀಗೆ ಸಾವಿರಾರು ಲಾರಿಗಳು ಲಕ್ಷಾಂತರ ಸಲ ಓಡಿದ ದಾಖಲೆ ಒಂದೆಡೆ ಕೂಡಿದಾಗ, ಯಾವ ರಸ್ತೆಗೆ ಯಾವ ಹೊತ್ತಿನಲ್ಲಿ ಎಷ್ಟು ಸಮಯ ಬೇಕೆಂಬುದನ್ನು ಕಂಪ್ಯೂಟರು ಆ ದಾಖಲೆಯಿಂದಲೇ ಕಲಿತುಕೊಳ್ಳುತ್ತದೆ. ಯಾರೂ ಅದಕ್ಕೆ ನಿಯಮ ಬರೆದುಕೊಡುವುದಿಲ್ಲ. ಮೇಸ್ತ್ರಿಗೆ ಇಪ್ಪತ್ತು ಲಾರಿ ನೆನಪಿದ್ದರೆ ಇದಕ್ಕೆ ಇಪ್ಪತ್ತು ಸಾವಿರ. ಆದರೆ ಕಾಣದ್ದು ಗೊತ್ತಿಲ್ಲ ಎಂಬ ಮಾತು ಇಬ್ಬರಿಗೂ ಅನ್ವಯಿಸುತ್ತದೆ. ಆ ಸಂಗತಿಗೆ ಮುಂದೆ ಬರೋಣ.

ಗುಂಡ್ಲುಪೇಟೆಯ ಉದಾಹರಣೆಗೇ ಮರಳಿದರೆ, ಮೂರು ತೋಟಗಳಲ್ಲಿ ಮಾಲು ತುಂಬಿಕೊಂಡು ಒಂಬತ್ತರೊಳಗೆ ಗೇಟು ದಾಟಬೇಕಾದ ಲಾರಿ ಮೊದಲ ತೋಟಕ್ಕೆ ಎಷ್ಟು ಗಂಟೆಗೆ ಬರಬೇಕು, ಅದಕ್ಕೆ ಕೊಯ್ಲು ಯಾವಾಗ ಶುರುವಾಗಬೇಕು ಎಂಬುದನ್ನು ಹಿಂದಿನಿಂದ ಮುಂದಕ್ಕೆ ಎಣಿಸಿ ಮಧ್ಯಾಹ್ನವೇ ನಿಮ್ಮ ಮೊಬೈಲಿಗೆ ಹೇಳುವುದು ಇಂಥ ಯಂತ್ರಕ್ಕೆ ಕಷ್ಟದ ಕೆಲಸವಲ್ಲ. ದಾಟುವುದು ಅಸಾಧ್ಯವೆಂದು ಸಂಜೆ ಐದಕ್ಕೇ ತಿಳಿದರೆ ಮಾಲನ್ನು ಕೊಯ್ಯದೆ ಗಿಡದಲ್ಲೇ ಬಿಡಬಹುದು. ಗಿಡದಲ್ಲಿರುವ ಬೀನ್ಸ್ ಒಂದು ರಾತ್ರಿಗೆ ಕೆಡುವುದಿಲ್ಲ, ಚೀಲದಲ್ಲಿ ಕೆಡುತ್ತದೆ.

ಹಿಂದಿರುಗುವ ಲಾರಿಯ ಲೆಕ್ಕ

ಈಗ ಬಾಡಿಗೆಯ ಮಾತು. ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದು. ಅಲ್ಲಿಂದ ದೆಹಲಿಗೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಲೆಕ್ಕಕ್ಕೆ 2,200 ಕಿ.ಮೀ. ಎಂದಿಟ್ಟುಕೊಳ್ಳಿ. ಲಾರಿಯಲ್ಲಿ 15 ಕೆ.ಜಿ.ಯ ಸಾವಿರ ಬಾಕ್ಸುಗಳಿವೆ, ತುಂಬಿದ ಲಾರಿ ಲೀಟರಿಗೆ 4 ಕಿ.ಮೀ. ಓಡುತ್ತದೆ, ಡೀಸೆಲ್ ಲೀಟರಿಗೆ 90 ರೂಪಾಯಿ ಎಂದು ಹಿಡಿಯೋಣ. ಹೋಗುವುದಕ್ಕೆ 550 ಲೀಟರ್, ಅಂದರೆ 49,500 ರೂಪಾಯಿ. ಬಾಕ್ಸಿಗೆ ಹತ್ತಿರ ಹತ್ತಿರ 50 ರೂಪಾಯಿ ಬಿತ್ತು. ಟೋಲು, ಚಾಲಕನ ಬತ್ತ್ಯ, ಟೈರು, ವಿಮೆ, ಸಾಲದ ಕಂತು ಇನ್ನೂ ಸೇರಿಸಿಲ್ಲ.

ಅದೇ ಲಾರಿ ಖಾಲಿಯಾಗಿ ವಾಪಸು ಬಂದರೆ? ಖಾಲಿ ಲಾರಿ ಲೀಟರಿಗೆ ಐದೂವರೆ ಕಿ.ಮೀ. ಓಡೀತು ಎಂದರೂ 400 ಲೀಟರ್, 36,000 ರೂಪಾಯಿ. ಬಾಕ್ಸಿಗೆ ಮತ್ತೆ 36 ರೂಪಾಯಿ. ಗಾಳಿ ತುಂಬಿಕೊಂಡು ಬಂದದ್ದಕ್ಕೆ! ಲಾರಿಯ ಮಾಲೀಕ ಈ ಹಣವನ್ನು ಕೈಯಿಂದ ಹಾಕುವುದಿಲ್ಲ, ಹಾಕಬೇಕೆಂದು ಕೇಳುವುದು ನ್ಯಾಯವೂ ಅಲ್ಲ. ಹೋಗುವಾಗಿನ ಬಾಡಿಗೆಯಲ್ಲೇ ಅದನ್ನು ಸೇರಿಸಿಕೊಳ್ಳುತ್ತಾನೆ. ಬಾಡಿಗೆ ಕೊಡುವ ವ್ಯಾಪಾರಿ ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಹರಾಜು ಕೂಗುತ್ತಾನೆ. ಹಾಗಾಗಿ ಖಾಲಿ ಲಾರಿಯ ಬಾಡಿಗೆ ಯಾರ ಪಟ್ಟಿಯಲ್ಲೂ ಬರೆದಿರುವುದಿಲ್ಲ, ಆದರೂ ಅದರ ದೊಡ್ಡ ಪಾಲು ತೋಟದಿಂದಲೇ ಹೋಗುತ್ತದೆ.

ವಾಪಸು ಲೋಡು ಹುಡುಕುವುದು ಹೊಸ ಪದ್ಧತಿಯೇನಲ್ಲ. ಬ್ರೋಕರುಗಳು ತಲೆಮಾರುಗಳಿಂದ ಮಾಡುತ್ತಿರುವ ಕೆಲಸವದು. ತೊಂದರೆ ಇರುವುದು ಕಾಯುವುದರಲ್ಲಿ. ಲೋಡು ಸಿಗಲೆಂದು ಲಾರಿ ದೂರದ ಊರಿನಲ್ಲಿ ಎರಡು ಮೂರು ದಿನ ನಿಂತರೆ ಉಳಿಸಿದ ಡೀಸೆಲ್ಲು ನಿಂತ ದಿನಗಳಲ್ಲಿ ಕರಗುತ್ತದೆ. ಯಂತ್ರ ಇಲ್ಲಿ ನೆರವಿಗೆ ಬರುತ್ತದೆ. ಲಾರಿ ದೆಹಲಿಗೆ ಸೇರುವ ಮೊದಲೇ, ಅದು ಖಾಲಿಯಾಗುವುದು ಇಂಥ ದಿನ ಇಂಥ ಹೊತ್ತಿಗೆ ಎಂದು ಅಂದಾಜು ಮಾಡಿ, ಅದೇ ದಿಕ್ಕಿಗೆ ಬರಬೇಕಾದ ಸರಕು ಯಾರಲ್ಲಿದೆ ಎಂದು ಹುಡುಕಿ ಜೋಡಿ ಮಾಡುತ್ತದೆ. ಲಾರಿ ಮಾಲೀಕರಿಗೆ ಮೊಬೈಲಿನಲ್ಲಿ ಲೋಡು ತೋರಿಸುವ ಬ್ಲ್ಯಾಕ್‌ಬಕ್ ಎಂಬ ಸಂಸ್ಥೆ ಬೆಂಗಳೂರಿನಲ್ಲೇ 2015ರಲ್ಲಿ ಹುಟ್ಟಿಕೊಂಡದ್ದು. ತರಕಾರಿಯನ್ನು ಹಳ್ಳಿಯಿಂದ ಪಟ್ಟಣದ ಅಂಗಡಿಗೆ ನೇರವಾಗಿ ಸಾಗಿಸುವ ನಿಂಜಾಕಾರ್ಟ್ ಕೂಡ ಅದೇ ಊರಿನದು, ಅದೇ ವರ್ಷದ್ದು.

ಎಲ್ಲಿ ಮೊದಲು, ಎಲ್ಲಿ ಕೊನೆಗೆ?

ಒಂದು ಹಾಲಿನ ಗಾಡಿ ಹತ್ತು ಊರುಗಳ ಸಂಘಗಳಿಂದ ಹಾಲು ಎತ್ತಬೇಕು. ಯಾವ ಊರಿಗೆ ಮೊದಲು, ಯಾವುದಕ್ಕೆ ಕೊನೆಗೆ ಎಂದು ಎಷ್ಟು ರೀತಿಯಲ್ಲಿ ಜೋಡಿಸಬಹುದು, ಊಹಿಸಿ. 36,28,800 ರೀತಿಯಲ್ಲಿ! ಊರು ಐದೇ ಆಗಿದ್ದರೆ 120 ರೀತಿ, ಕೂತು ಬರೆಯಬಹುದು. ಹತ್ತಾದರೆ ಮನುಷ್ಯನ ಕೈಮೀರಿತು. 1959ರಲ್ಲಿ ಡಾಂಟ್‌ಜಿಗ್ ಮತ್ತು ರ್‍ಯಾಮ್ಸರ್ ಎಂಬ ಇಬ್ಬರು ಗಣಿತಜ್ಞರು ಅಮೆರಿಕದಲ್ಲಿ ಪೆಟ್ರೋಲ್ ಬಂಕುಗಳಿಗೆ ಟ್ಯಾಂಕರು ಕಳುಹಿಸುವ ಸಮಸ್ಯೆಯನ್ನು ಹಿಡಿದು ಇದಕ್ಕೊಂದು ಲೆಕ್ಕದ ದಾರಿ ತೋರಿಸಿದರು. ಇಂದಿನ ಯಂತ್ರಗಳು ಅದೇ ದಾರಿಯಲ್ಲಿ ಬಹಳ ಮುಂದೆ ಹೋಗಿವೆ. ಎಲ್ಲ ಜೋಡಣೆಗಳನ್ನೂ ಅವು ಪರೀಕ್ಷಿಸುವುದಿಲ್ಲ. ಕೆಟ್ಟವನ್ನು ಬೇಗ ಕೈಬಿಟ್ಟು ಒಳ್ಳೆಯವುಗಳ ಸುತ್ತ ಹುಡುಕುತ್ತವೆ.

ಅಮೆರಿಕದ ಯುಪಿಎಸ್ ಎಂಬ ಪಾರ್ಸೆಲ್ ಕಂಪನಿ ಓರಿಯನ್ ಎಂಬ ಇಂಥ ವ್ಯವಸ್ಥೆಯನ್ನು ಕಳೆದ ದಶಕದಲ್ಲಿ ತನ್ನ ಗಾಡಿಗಳಿಗೆ ಅಳವಡಿಸಿತು. ವರ್ಷಕ್ಕೆ ಸುಮಾರು 16 ಕೋಟಿ ಕಿಲೋಮೀಟರ್ ಓಡಾಟ ಮತ್ತು 3.8 ಕೋಟಿ ಲೀಟರಿನಷ್ಟು ಇಂಧನ ಉಳಿಯಿತೆಂದು ಕಂಪನಿಯೇ ಹೇಳಿಕೊಂಡಿದೆ. ಆ ದೇಶದಲ್ಲಿ ವಾಹನಗಳು ರಸ್ತೆಯ ಬಲಗಡೆ ಚಲಿಸುತ್ತವೆ. ಎಡಕ್ಕೆ ತಿರುಗಬೇಕಾದರೆ ಎದುರಿನ ವಾಹನಗಳು ಹೋಗುವವರೆಗೆ ಇಂಜಿನ್ ಉರಿಸುತ್ತ ನಿಲ್ಲಬೇಕು. ಆದ್ದರಿಂದ ಆದಷ್ಟೂ ಎಡ ತಿರುವು ಬರದ ಹಾಗೆ ದಾರಿ ಹಾಕುವುದು ಆ ಕಂಪನಿಯ ಹಳೆಯ ಪಾಠ. ನಮ್ಮಲ್ಲಿ ಅದು ಬಲ ತಿರುವು ಎಂದಾಗುತ್ತದೆ.

ಹಾಲಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅತಿ ಹತ್ತಿರದ ದಾರಿಯೇ ಒಳ್ಳೆಯ ದಾರಿ ಆಗಬೇಕೆಂದಿಲ್ಲ. ಒಂದು ಊರಿನಲ್ಲಿ ಶೀತಲೀಕರಣ ಘಟಕವಿದೆ, ಅಲ್ಲಿನ ಹಾಲು 4 ಡಿಗ್ರಿಯಲ್ಲಿ ತಣ್ಣಗಿದೆ, ಅದು ಕಾಯಬಲ್ಲದು. ಪಕ್ಕದೂರಿನಲ್ಲಿ ಘಟಕವಿಲ್ಲ, ಕ್ಯಾನಿನಲ್ಲಿರುವ ಹಸಿ ಹಾಲು ಬೇಸಗೆಯಲ್ಲಿ ಕಾಯಲಾರದು. ಅದನ್ನು ಕೊನೆಯಲ್ಲಿ ಎತ್ತಿ ನೇರವಾಗಿ ಡೇರಿಗೆ ಒಯ್ಯಬೇಕು, ಒಂದೆರಡು ಕಿಲೋಮೀಟರ್ ಸುತ್ತಾದರೂ ಸರಿ. ಯಂತ್ರಕ್ಕೆ ಡೀಸೆಲ್ ಉಳಿಸು ಎಂದಷ್ಟೇ ಹೇಳಿದರೆ ಅದು ಡೀಸೆಲ್ಲನ್ನೇ ಉಳಿಸುತ್ತದೆ, ಹಾಲು ಒಡೆದರೆ ಅದಕ್ಕೆ ಚಿಂತೆಯಿಲ್ಲ. ಏನನ್ನು ಉಳಿಸಬೇಕೆಂದು ಹೇಳುವವರು ಮನುಷ್ಯರು. ಆ ಮಾತು ನಡೆಯುವ ಸಭೆಯಲ್ಲಿ ಉತ್ಪಾದಕರೂ ಇರಬೇಕೆಂಬುದು ನನ್ನ ಅಭಿಪ್ರಾಯ. ಕಬ್ಬಿಗೂ ಇದೇ ನ್ಯಾಯ. ಕಡಿದ ಕಬ್ಬು ದಿನ ಕಳೆದಂತೆ ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುತ್ತದೆ. ಕಾರ್ಖಾನೆಯ ಅಂಗಳದಲ್ಲಿ ಎಷ್ಟು ಗಾಡಿ ಕಾದಿವೆ ಎಂಬುದನ್ನು ನೋಡಿ ಕಡಿಯುವ ಸರದಿ ಕೊಟ್ಟರೆ ಆ ನಷ್ಟ ಎಷ್ಟೋ ತಪ್ಪುತ್ತದೆ.

ಲಾರಿಯ ನಾಡಿ, ಚಾಲಕನ ನಿದ್ದೆ

2020ರ ಏಪ್ರಿಲ್ 1ರಿಂದ ನಮ್ಮಲ್ಲಿ ಮಾರಾಟವಾಗುವ ಹೊಸ ಲಾರಿಗಳಿಗೆ ಬಿ.ಎಸ್.6 ಎಂಬ ಹೊಗೆ ನಿಯಮ ಬಂತು. ಇಂಥ ಇಂಜಿನ್ನಿನ ಮೈತುಂಬ ಬಿಸಿ, ಒತ್ತಡ, ಹೊಗೆ ಇತ್ಯಾದಿಗಳನ್ನು ಅಳೆಯುವ ಸಂವೇದಕಗಳಿವೆ. ಟಾಟಾದವರ ಫ್ಲೀಟ್ ಎಡ್ಜ್, ಅಶೋಕ್ ಲೇಲ್ಯಾಂಡಿನವರ ಐ-ಅಲರ್ಟ್ ಮುಂತಾದ ವ್ಯವಸ್ಥೆಗಳು ಲಾರಿಯ ಇಂಥ ಸಂಗತಿಗಳನ್ನು ಕಚೇರಿಗೆ ತಲುಪಿಸುತ್ತವೆ. ಅದೇ ಹೊರೆ, ಅದೇ ಏರು, ಆದರೆ ಇಂಜಿನ್ ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚು ಬಿಸಿಯಾಗುತ್ತಿದೆ ಎಂಬುದು ಚಾಲಕನ ಕಣ್ಣಿಗೆ ಬೀಳದೆ ಹೋಗಬಹುದು. ದಾಖಲೆ ಹೋಲಿಸುವ ಯಂತ್ರಕ್ಕೆ ಅದು ಬೀಳುತ್ತದೆ. ನೀರಿನ ಪಂಪು ನೋಡಿಸಿ ಎಂದು ಮೊದಲೇ ಎಚ್ಚರಿಸುತ್ತದೆ. ಗ್ಯಾರೇಜಿನಲ್ಲಿ ಅರ್ಧ ದಿನ ನಿಂತ ಲಾರಿಗೂ, ಸಾವಿರ ಬಾಕ್ಸು ಹೊತ್ತು ನಡುದಾರಿಯಲ್ಲಿ ನಿಂತ ಲಾರಿಗೂ ಇರುವ ವ್ಯತ್ಯಾಸ ನಿಮಗೆ ಗೊತ್ತೇ ಇದೆ. ಹಳ್ಳಿಯ ಹಳೆಯ ಟೆಂಪೋ, ಪಿಕಪ್ ಗಾಡಿಗಳಿಗೆ ಈ ಸೌಲಭ್ಯ ಪೂರ್ತಿ ದಕ್ಕದು. ಅವುಗಳಿಗೆ ಜಾಗ ತೋರಿಸುವ ಪೆಟ್ಟಿಗೆ ಹಾಕಿಸಬಹುದು, ಅಷ್ಟೆ.

ಇನ್ನು ಚಾಲಕ. ಅವನು ಬಹುಪಾಲು ನಮ್ಮ ನಿಮ್ಮ ಊರಿನ ಹುಡುಗನೇ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ತೂಕಡಿಕೆಯನ್ನು ಹಿಡಿಯುವ ಕ್ಯಾಮೆರಾ ಈಗ ಲಾರಿಗಳಿಗೆ ಬಂದಿದೆ. ರೆಪ್ಪೆ ಎಷ್ಟು ಹೊತ್ತು ಮುಚ್ಚಿತು, ತಲೆ ವಾಲಿತೇ, ಆಕಳಿಕೆ ಎಷ್ಟು ಸಲ ಬಂತು ಎಂದು ಕತ್ತಲಲ್ಲೂ ನೋಡಿ ಕೂಗಿ ಎಚ್ಚರಿಸುತ್ತದೆ. ಇಂಥ ಕ್ಯಾಮೆರಾ ತಯಾರಿಸುವ ನೆಟ್ರಡೈನ್ ಸಂಸ್ಥೆ ಬೆಂಗಳೂರಿನಲ್ಲೂ ಕೆಲಸ ಮಾಡುತ್ತದೆ. ನಾಗಪುರದಲ್ಲಿ 2021ರಲ್ಲಿ ಆರಂಭವಾದ ಐರಾಸ್ತೆ ಯೋಜನೆಯಲ್ಲಿ ನಗರದ ಬಸ್ಸುಗಳಿಗೆ ಮುಂದಿನ ರಸ್ತೆ ನೋಡುವ ಕ್ಯಾಮೆರಾ ಹಾಕಿ, ಡಿಕ್ಕಿಯಾಗುವ ಸಂಭವವಿದ್ದಾಗ ಚಾಲಕನಿಗೆ ಎಚ್ಚರಿಕೆ ಕೊಡುವ ಪ್ರಯೋಗ ನಡೆದಿದೆ.

ಇದು ಒಳ್ಳೆಯದೇ. ಆದರೆ ಒಂದು ಮಾತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ಚಾಲಕನ ಕೆಲಸಕ್ಕೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಹಾಕಿತ್ತು. ಹದಿನಾರು ಗಂಟೆ ಓಡಿಸಿ, ತೂಕಡಿಸಿದ್ದಕ್ಕೆ ಕ್ಯಾಮೆರಾ ಸಾಕ್ಷಿ ಹಿಡಿದು ಸಂಬಳ ಕತ್ತರಿಸುವುದು ಯಂತ್ರದ ಬುದ್ಧಿಯಲ್ಲ, ಮಾಲೀಕನ ಬುದ್ಧಿ. ಅದೇ ದಾಖಲೆಯಲ್ಲಿ ಎಷ್ಟು ಗಂಟೆ ಓಡಿಸಿದ ಎಂಬುದೂ ಇರುತ್ತದಲ್ಲ! ಅದನ್ನೂ ಓದಬೇಕು. ಮಾಲು ಬೇಗ ಸೇರಲಿ ಎಂದು ಚಾಲಕನಿಗೆ ಅವಸರ ಹಚ್ಚುವವರಲ್ಲಿ ನಾವೂ ಇದ್ದೇವೆ.

ಯಂತ್ರಕ್ಕೆ ತಿಳಿಯದ್ದು

2023ರ ಜುಲೈನಲ್ಲಿ ಟೊಮೆಟೊ ಬಾಕ್ಸೊಂದು ಎರಡು ಸಾವಿರ ರೂಪಾಯಿ ದಾಟಿದ್ದು ನೆನಪಿರಬಹುದು. ಆ ತಿಂಗಳ ಕೊನೆಯಲ್ಲಿ ಕೋಲಾರದಿಂದ ಜೈಪುರಕ್ಕೆ ಹೊರಟ, ಸುಮಾರು 21 ಲಕ್ಷ ರೂಪಾಯಿ ಬೆಲೆಯ ಟೊಮೆಟೊ ತುಂಬಿದ್ದ ಲಾರಿಯೊಂದು ದಾರಿಯಲ್ಲಿ ಕಾಣೆಯಾಯಿತು. ಜಾಗ ತೋರಿಸುವ ಪೆಟ್ಟಿಗೆ ಆ ಲಾರಿಯಲ್ಲೂ ಇತ್ತು. ಮಾಲು ಸೇರಬೇಕಾದ ಕಡೆ ಸೇರಲಿಲ್ಲ. ಪೆಟ್ಟಿಗೆ ಇದ್ದ ಮಾತ್ರಕ್ಕೆ ಕಾವಲು ಆಗಲಿಲ್ಲ; ಗೊತ್ತಾದ ದಾರಿ ಬಿಟ್ಟು ಲಾರಿ ಬೇರೆಡೆಗೆ ತಿರುಗಿದ ಕೂಡಲೇ ಕೂಗಿ ಹೇಳುವ ವ್ಯವಸ್ಥೆ, ಆ ಕೂಗನ್ನು ಕೇಳುವ ಮನುಷ್ಯ, ಎರಡೂ ಬೇಕು.

ದಾರಿಯ ವಿಷಯದಲ್ಲೂ ಹಾಗೆಯೇ. ಕಾರಿಗೆಂದು ಮಾಡಿದ ನಕ್ಷೆ ಆಗುಂಬೆ ಘಾಟಿಯನ್ನು ಹತ್ತಿರದ ದಾರಿಯೆಂದು ತೋರಿಸೀತು. ಭಾರಿ ಲಾರಿಗಳಿಗೆ ಅಲ್ಲಿ ಪ್ರವೇಶವಿಲ್ಲ. ಶಿರಾಡಿ ಘಾಟಿಯಲ್ಲಿ 2018ರ ಆಗಸ್ಟ್‌ನಲ್ಲೂ 2024ರ ಜುಲೈನಲ್ಲೂ ಗುಡ್ಡ ಕುಸಿದು ಸಂಚಾರ ನಿಂತಿತು. ಮೊನ್ನೆಯವರೆಗಿನ ದಾಖಲೆಯಿಂದ ಕಲಿತ ಯಂತ್ರಕ್ಕೆ ಇಂದು ಬೆಳಿಗ್ಗೆ ಬಿದ್ದ ಗುಡ್ಡ ಯಾರಾದರೂ ಹೇಳಿದ ಮೇಲೆಯೇ ಗೊತ್ತಾಗಬೇಕು. ನಿಮ್ಮೂರಿನ ರಥೋತ್ಸವದ ದಿನ ಪೇಟೆ ಬೀದಿ ಮುಚ್ಚಿರುತ್ತದೆ ಎಂಬುದು, ಮಳೆ ಬಂದರೆ ಕೆರೆ ಏರಿಯ ಮೇಲೆ ಹನ್ನೆರಡು ಚಕ್ರದ ಲಾರಿ ಹತ್ತದು ಎಂಬುದು ಅದಕ್ಕೆ ತಿಳಿಯದು. ಮಲೆನಾಡಿನಲ್ಲಿ ಮೊಬೈಲ್ ಸಂಕೇತವೇ ಸಿಗದ ಹರದಾರಿಗಟ್ಟಲೆ ದಾರಿಯಿದೆ. ಅಲ್ಲಿ ಲಾರಿ ಎಲ್ಲಿದೆಯೆಂದು ಅದು ಹೊರಬಂದ ಮೇಲೆಯೇ ಗೊತ್ತು.

ಉಳಿತಾಯ ಯಾರಿಗೆ?

ಮುಖ್ಯ ಪ್ರಶ್ನೆ ಇನ್ನೂ ಉಳಿದಿದೆ. ಯಂತ್ರ ಬಾಕ್ಸಿಗೆ ಇಪ್ಪತ್ತು ರೂಪಾಯಿ ಉಳಿಸಿತೆಂದೇ ಇಟ್ಟುಕೊಳ್ಳಿ. ಅದು ತಾನಾಗಿ ನಿಮ್ಮ ಕೈಗೆ ಬರುತ್ತದೆಯೇ? ಬರುವುದಿಲ್ಲ. ಲಾರಿ ಕಂಪನಿಯಲ್ಲಿ ಸ್ವಲ್ಪ, ವ್ಯಾಪಾರಿಯಲ್ಲಿ ಸ್ವಲ್ಪ ನಿಲ್ಲುತ್ತದೆ. ಎಷ್ಟು ಉಳಿಯಿತೆಂದೇ ತಿಳಿಯದವನು ಪಾಲು ಕೇಳುವುದು ಹೇಗೆ?

ಒಬ್ಬೊಬ್ಬರೇ ಹತ್ತು ಹತ್ತು ಬಾಕ್ಸು ಕಳುಹಿಸುವ ರೈತರು ಲಾರಿಯವರ ಜೊತೆ ಈ ಮಾತನ್ನು ಆಡಲಾರರು. ಮೂವತ್ತು ನಲವತ್ತು ಮಂದಿ ಸೇರಿ ಲಾರಿ ತುಂಬಿಸಿದರೆ ಆಡಬಹುದು. 2020ರಲ್ಲಿ ಕೇಂದ್ರ ಸರ್ಕಾರ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳ ಯೋಜನೆ ಆರಂಭಿಸಿದ ಮೇಲೆ ಅನೇಕ ಕಡೆ ಇಂಥ ಸಂಘಗಳು ಹುಟ್ಟಿವೆ. ಬೀಜ, ಗೊಬ್ಬರ ಕೊಳ್ಳುವುದರ ಜೊತೆಗೆ ಸಾಗಾಣಿಕೆಯನ್ನೂ ಸಂಘವೇ ವಹಿಸಿಕೊಳ್ಳಲಿ. ಇದಕ್ಕೆ ಸ್ವಂತ ಲಾರಿ ಕೊಳ್ಳಬೇಕಾಗಿಲ್ಲ, ಕೊಳ್ಳದಿರುವುದೇ ಒಳ್ಳೆಯದು. ಬಾಡಿಗೆ ಕರಾರು ಮಾಡುವಾಗ ಲಾರಿ ಎಲ್ಲಿದೆ, ಎಷ್ಟು ಗಂಟೆಗೆ ಬರುತ್ತದೆ ಎಂಬುದು ಸಂಘದ ಮೊಬೈಲಿನಲ್ಲೂ ಕಾಣಬೇಕು ಎಂಬ ಷರತ್ತು ಹಾಕಿ. ವಾಪಸು ಲೋಡು ಸಿಕ್ಕಿದ ಸಲ ಬಾಡಿಗೆಯಲ್ಲಿ ಎಷ್ಟು ಇಳಿಸುತ್ತೀರಿ ಎಂದು ಮೊದಲೇ ಕೇಳಿ ಬರೆಯಿಸಿಕೊಳ್ಳಿ. ಲಾರಿ ತಡವಾಗಿ ಬಂದು ಮಾಲು ಕೆಟ್ಟರೆ ಯಾರ ಖಾತೆ, ನಿಮ್ಮ ಕೊಯ್ಲು ತಡವಾಗಿ ಲಾರಿ ಕಾದರೆ ಯಾರ ಖಾತೆ, ಎರಡೂ ಕಡೆಯದು ಕಾಗದದಲ್ಲಿರಲಿ. ಪ್ರಯಾಣದ ದಾಖಲೆಯ ಪ್ರತಿಯನ್ನು ತಿಂಗಳಿಗೊಮ್ಮೆ ಕೇಳಿ ಪಡೆಯಿರಿ; ಅದು ಅವರ ಯಂತ್ರದಲ್ಲಿದ್ದರೂ ಆ ದಾಖಲೆ ಹುಟ್ಟಿದ್ದು ನಿಮ್ಮ ಮಾಲಿನಿಂದ.

ಈ ಯಾವುದೂ ಇಲ್ಲದ ಊರಿನವರು ಒಂದು ನೋಟುಪುಸ್ತಕದಿಂದ ಆರಂಭಿಸಬಹುದು. ಬರುತ್ತೇನೆಂದು ಲಾರಿಯವನು ಹೇಳಿದ ಹೊತ್ತು, ನಿಜವಾಗಿ ಬಂದ ಹೊತ್ತು, ತುಂಬಿ ಮುಗಿದ ಹೊತ್ತು, ಮಾರುಕಟ್ಟೆಗೆ ಸೇರಿದ ಹೊತ್ತು, ಕೆಟ್ಟ ಬಾಕ್ಸುಗಳ ಸಂಖ್ಯೆ, ಕೊಟ್ಟ ಬಾಡಿಗೆ. ಆರು ಕಲಮು ಸಾಕು. ಒಂದು ಸುಗ್ಗಿ ಪೂರ್ತಿ, ಒಂದು ಲಾರಿಯನ್ನೂ ಬಿಡದೆ ಬರೆಯಬೇಕು. ಕೆಟ್ಟ ದಿನಗಳದ್ದನ್ನಷ್ಟೇ ಬರೆದರೆ ಪ್ರಯೋಜನವಿಲ್ಲ. ಕಾಲೇಜಿಗೆ ಹೋಗುವ ಮಗನಿಗೋ ಮಗಳಿಗೋ ಕೊಟ್ಟರೆ ಅದನ್ನು ಕಂಪ್ಯೂಟರಿಗೆ ಏರಿಸಿ, ಯಾವ ವಾರ ಯಾವ ದಾರಿಯಲ್ಲಿ ಹೊತ್ತು ಹೋಗುತ್ತಿದೆಯೆಂದು ತೋರಿಸುತ್ತಾರೆ. ಬಂದ ಹೊತ್ತನ್ನು ಚಾಲಕನ ಎದುರಿಗೇ ಬರೆದು, ಅವನ ರುಜು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಅವನಿಗೂ ಒಂದು ಲೋಟ ಕಾಫಿ ಕೊಡಿ. ಹಿಂದಿನ ಊರಿನಲ್ಲಿ ಎಷ್ಟು ಹೊತ್ತು ನಿಲ್ಲಿಸಿದ್ದರೆಂದು ಅವನೇ ಹೇಳುತ್ತಾನೆ.